ಚಿಕ್ಕಮ್ಮ ಹಾಕದ ಸಹಿ

ಆಸ್ಪತ್ರೆಯಲ್ಲಿ ನನ್ನ ಚಿಕ್ಕಮ್ಮನನ್ನು ಎಲ್ಲರೂ ಬುಗುರಿ ಮೇಡಂ ಎನ್ನುತ್ತಾರೆ. ರಕ್ತದ ಟ್ಯೂಬುಗಳನ್ನು ಗಿರಗಿರನೆ ತಿರುಗಿಸಿ, ಕೆಂಪನ್ನು ಕೆಳಕ್ಕೂ ಹಳದಿಯನ್ನು ಮೇಲಕ್ಕೂ ಬೇರ್ಪಡಿಸುವ ಯಂತ್ರವೊಂದಿದೆ. ಇಪ್ಪತ್ತೊಂಬತ್ತು ವರ್ಷ ಅದು ಅವಳ ಕೈಯಲ್ಲೇ ತಿರುಗಿತು. ಅವಳು ಅದನ್ನು ಬುಗುರಿ ಎಂದಳು, ಜನ ಅವಳನ್ನೇ ಬುಗುರಿ ಎಂದರು. ಈಚೆಗೆ ಅವಳ ಬೆನ್ನ ಹಿಂದೆ ಇನ್ನೊಂದು ಹೆಸರೂ ಓಡಾಡುತ್ತಿದೆ: ಮೊಂಡಿ. ಒಂದು ಸಹಿಗೋಸ್ಕರ ದೊಡ್ಡ ಡಾಕ್ಟರ ಒಂದು ವರ್ಷದ ಕೆಲಸವನ್ನು ನೀರಿಗೆ ಹಾಕಿದ ಮೊಂಡಿ. ಕ್ಯಾಂಟೀನಿನಲ್ಲಿ ಆ ಕಥೆ ಹೇಳುವವರು ಒಂದು ಥರ ಹೇಳುತ್ತಾರೆ. ನಾನು ಅಲ್ಲಿದ್ದೆ, ಅದರಲ್ಲಿ ನನ್ನ ರಕ್ತವೂ ಇತ್ತು. ಆದ್ದರಿಂದ ನಾನು ಹೇಳುವ ಥರವೂ ಒಂದು ಇರಲಿ.

ಅವಳು ನನ್ನ ಅಮ್ಮನ ಬೆನ್ನಿಗೆ ಹುಟ್ಟಿದವಳು. ಅಮ್ಮ ಹೋದದ್ದು ಮೆದುಳಿನ ಗಡ್ಡೆಯಿಂದ, ನನಗಾಗ ಹತ್ತೊಂಬತ್ತು. ಮೊದಲು ತಲೆನೋವು ಬಂತು, ಕನ್ನಡಕ ಬದಲಾಯಿಸಿದೆವು. ಆಮೇಲೆ ಚಮಚ ಕೈಯಿಂದ ಜಾರತೊಡಗಿತು, ಸುಸ್ತು ಎಂದುಕೊಂಡೆವು. ಒಂದು ದಿನ ಬೆಳಗ್ಗೆ ನನ್ನನ್ನು ಕರೆಯಲು ಬಾಯಿ ತೆರೆದವಳಿಗೆ ನನ್ನ ಹೆಸರೇ ಬರಲಿಲ್ಲ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಗಡ್ಡೆ ನಿಂಬೆಹಣ್ಣಿನಷ್ಟಾಗಿತ್ತು. ಏಳು ತಿಂಗಳು ಬದುಕಿದ್ದಳು. ಆ ಏಳು ತಿಂಗಳೂ ಚಿಕ್ಕಮ್ಮ ಕೆಲಸ ಮುಗಿಸಿ ಸೀದಾ ನಮ್ಮ ಮನೆಗೆ ಬಂದು, ಅಮ್ಮನ ತಲೆ ಬಾಚಿ, ನನಗೆ ಬೈದು, ಹೋಗುತ್ತಿದ್ದಳು. ಬೈದದ್ದು ಯಾಕೆ ಎಂದು ನನಗೆ ಈಗ ಗೊತ್ತು. ಯಾರಾದರೊಬ್ಬರು ಬೈಯುತ್ತಿದ್ದರೆ ಮನೆ ಮನೆಯ ಹಾಗಿರುತ್ತದೆ.

ಅದರ ಫಲವಾಗಿ ನಾನು ಏನಾಗಿದ್ದೇನೆ ಎಂದರೆ, ಮಗಳು ಹಣೆ ಮುಟ್ಟಿಕೊಂಡರೆ ಸಾಕು, ಥರ್ಮಾಮೀಟರಿಗೆ ಓಡುತ್ತೇನೆ. ಮನೆಯಲ್ಲಿ ಮೂರು ಥರ್ಮಾಮೀಟರ್ ಇವೆ, ಒಂದರ ಮಾತು ಇನ್ನೊಂದಕ್ಕೆ ತಾಳೆ ನೋಡಲು. ಕಥೆ ನಡೆದಾಗ ಅವಳಿಗೆ ಮೂರು ವರ್ಷ. ಎಡವಿದರೆ ನೆಲ ನೋಡುವುದು ಬಿಟ್ಟು ಅವಳ ಕಣ್ಣಿನ ಪಾಪೆ ನೋಡುತ್ತಿದ್ದೆ. “ನಿನಗೆ ಹಗ್ಗ ಕಂಡ್ರೆ ಹಾವು, ಹಾವು ಕಂಡ್ರೆ ಹೆಬ್ಬಾವು” ಎನ್ನುತ್ತಾನೆ ನನ್ನ ಗಂಡ. ಅವನ ತಾಯಿ ಗಟ್ಟಿಮುಟ್ಟಾಗಿ ಇದ್ದಾರೆ, ಅವನು ಅನ್ನಬಹುದು.

ಹೀಗಿರುವಾಗ, ರಕ್ತ ನೋಡಿಯೇ ಮೆದುಳಿನ ಗಡ್ಡೆ ಹೇಳುವ ಪ್ರಯತ್ನ ನಡೆಯುತ್ತಿದೆ ಎಂದು ಚಿಕ್ಕಮ್ಮ ಒಂದು ಭಾನುವಾರ ನಮ್ಮ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಹೇಳಿದಾಗ ನನ್ನ ಕೈ ಅಲ್ಲೇ ನಿಂತಿತು.

“ಯಾರು ಹೇಳಿದ್ದು?”

“ದೊಡ್ಡ ಡಾಕ್ಟ್ರು. ಹೇಳಬಹುದಾ ಅಂತ ನೋಡ್ತಾ ಇದ್ದಾರೆ. ಹೇಳಬಹುದು ಅಂತ ಅಲ್ಲ.”

“ನನಗೂ ಮರಿಗೂ ಮಾಡಿಸಬಹುದಾ?”

“ಆ ಪರೀಕ್ಷೆನೇ ಇನ್ನೂ ಪರೀಕ್ಷೆಗೆ ಕೂತಿದೆ ಪುಟ್ಟಿ. ಅದು ಪಾಸಾಗ್ಲಿ, ಆಮೇಲೆ ನಿನ್ನ ತಲೆ ವಿಷಯಕ್ಕೆ ಬರೋಣ. ಸುಲಿ, ಸುಲಿ.”

ದೊಡ್ಡ ಡಾಕ್ಟರು ಎಂದರೆ ತಲೆಬುರುಡೆ ತೆರೆದು ಗಡ್ಡೆ ತೆಗೆಯುವವರು. ಅವರ ವಿಚಾರ ಸರಳವಾಗಿತ್ತು. ಮೆದುಳಿನಲ್ಲಿ ಗಡ್ಡೆ ಬೆಳೆದರೆ ಅದರಿಂದ ಏನೋ ಒಂದಿಷ್ಟು ರಕ್ತಕ್ಕೆ ಸೋರುತ್ತದೆ. ಆ ಸೋರಿದ್ದನ್ನು ಅವರು ‘ಗುರುತು’ ಎನ್ನುತ್ತಿದ್ದರು. ಆಪರೇಷನ್ನಿಗೆ ಬಂದ ರೋಗಿಗಳ ರಕ್ತದಲ್ಲಿ ಅದು ಎಷ್ಟಿದೆ, ಆರೋಗ್ಯವಾಗಿರುವವರ ರಕ್ತದಲ್ಲಿ ಎಷ್ಟಿದೆ ಎಂದು ಅಳೆದು, ಇಬ್ಬರನ್ನೂ ಅದು ಬೇರೆ ಮಾಡಿ ತೋರಿಸುತ್ತದೆಯೇ ನೋಡುವುದು. ತೋರಿಸಿದರೆ ನಾಳೆ ತಲೆನೋವೆಂದು ಬಂದವರಿಗೆ ಒಂದು ಟ್ಯೂಬು ರಕ್ತ ಸಾಕು. ನನ್ನ ಅಮ್ಮನಂಥವರು ಕನ್ನಡಕದ ಅಂಗಡಿಗೆ ಹೋಗಬೇಕಾಗಿಲ್ಲ.

ಚಿಕ್ಕಮ್ಮನ ಪಾಲಿನ ಕೆಲಸವೂ ಸರಳವೇ. ಬಂದ ಟ್ಯೂಬನ್ನು ಬುಗುರಿಗೆ ಹಾಕಿ ತಿರುಗಿಸುವುದು, ಮೇಲೆ ನಿಂತ ಹಳದಿ ನೀರನ್ನು ಪುಟ್ಟ ಶೀಶೆಗೆ ತೆಗೆದು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿಡುವುದು. ಒಂದೊಂದು ಟ್ಯೂಬಿಗೂ ಒಂದೊಂದು ಹಾಳೆ: ರಕ್ತ ತೆಗೆದ ಹೊತ್ತು, ತಿರುಗಿಸಿದ ಹೊತ್ತು, ಕೆಳಗೆ ಅವಳ ಸಹಿ. ಎರಡು ಹೊತ್ತಿನ ನಡುವೆ ಒಂದು ಗಂಟೆ ಮೀರಬಾರದು, ಅದೊಂದೇ ಕಟ್ಟಳೆ.

ಲ್ಯಾಬು ಇದ್ದದ್ದು ನೆಲಮಾಳಿಗೆಯಲ್ಲಿ. ಪಕ್ಕದ ಕೋಣೆಯಲ್ಲಿ ನೀಲಿ ಕುರ್ಚಿ ಹಾಕಿ, ಆರೋಗ್ಯವಂತ ಸ್ವಯಂಸೇವಕರ ರಕ್ತ ಅಲ್ಲೇ ತೆಗೆಯುತ್ತಿದ್ದರು. ನಡುವಿನ ಗೋಡೆಯಲ್ಲಿ ಒಂದು ಕಂಡಿ. ಟ್ಯೂಬು ಆ ಕಡೆಯಿಂದ ಈ ಕಡೆಗೆ ಕೈ ದಾಟಿಸಿದರೆ ಆಯಿತು. ಆಪರೇಷನ್ ಥಿಯೇಟರು ನಾಲ್ಕನೇ ಮಹಡಿಯಲ್ಲಿ. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ, ಬುರುಡೆ ತೆರೆಯುವ ಮೊದಲು, ಅಲ್ಲಿ ರಕ್ತ ತೆಗೆಯುತ್ತಿದ್ದರು. ಈ ಐದು ಸಾಲು ಓದುವಾಗಲೇ ಜಾಣರಿಗೆ ಏನೋ ಹೊಳೆದಿರಬಹುದು. ಹನ್ನೊಂದು ತಿಂಗಳು ಆ ಆಸ್ಪತ್ರೆಯ ಯಾವ ಜಾಣರಿಗೂ ಅದು ಹೊಳೆಯಲಿಲ್ಲ. ಚಿಕ್ಕಮ್ಮನಿಗೂ.

ಅರವತ್ತು ಜನರ ರಕ್ತ ಸೇರಿದ ಮೇಲೆ ಅಳತೆಗೆ ಕಳಿಸಿದರು. ಮೂವತ್ತೊಂದು ರೋಗಿಗಳು, ಇಪ್ಪತ್ತೊಂಬತ್ತು ಆರೋಗ್ಯವಂತರು. ಫಲಿತಾಂಶ ಬಂದ ದಿನ ದೊಡ್ಡ ಡಾಕ್ಟರು ತಾವೇ ಕೇಕು ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬಂದರಂತೆ. ರೋಗಿಗಳದ್ದೆಲ್ಲ ಮೇಲೆ, ಆರೋಗ್ಯವಂತರದ್ದೆಲ್ಲ ಕೆಳಗೆ, ನಡುವೆ ಗೆರೆ ಎಳೆದ ಹಾಗೆ. ಚಿಕ್ಕಮ್ಮ ಎರಡು ತುಂಡು ಕೇಕು ತಿಂದು ನನಗೆ ಫೋನು ಮಾಡಿದಳು. ನಾನು ಫೋನು ಇಟ್ಟು ಅತ್ತೆ. ಮಗಳನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿದೆ.

ಒಂದೇ ಒಂದು ಟ್ಯೂಬು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ನಂಬರ್ ಐವತ್ತೆಂಟು. ತಲೆಯಲ್ಲಿ ಗಡ್ಡೆ ಇರುವುದು ಖಚಿತ, ಗುರುತು ಮಾತ್ರ ಆರೋಗ್ಯವಂತರ ಹಾಗೆ ಕೆಳಗೆ.

“ಐವತ್ತೆಂಟೊಂದು ಚಿತ್ರ ಕೆಡಿಸ್ತು,” ಎಂದರಂತೆ ಡಾಕ್ಟರು ಕೇಕು ಕತ್ತರಿಸುತ್ತ. “ಟ್ಯೂಬಲ್ಲೇನೋ ತೊಂದರೆ ಆಗಿರ್ಬೇಕು. ಅದನ್ನ ಬಿಟ್ಟುಬಿಡೋಣ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಟ್ಯೂಬು ಎಂದ ಕೂಡಲೇ ಚಿಕ್ಕಮ್ಮ ತನ್ನ ಪುಸ್ತಕ ತೆಗೆದಳು. ಹಾಳೆಗಳಲ್ಲದೆ ಅವಳದ್ದೇ ಒಂದು ಗೆರೆಪುಸ್ತಕವಿದೆ. ಕರೆಂಟು ಹೋದದ್ದು, ಮುಚ್ಚಳ ಸಡಿಲವಿದ್ದದ್ದು, ಯಾರು ಯಾರಿಗೆ ಬೈದರು, ಎಲ್ಲ ಅದರಲ್ಲಿರುತ್ತದೆ. ಐವತ್ತೆಂಟರ ಮುಂದೆ ಹೀಗಿತ್ತು: ರಕ್ತ ತೆಗೆದ ಕೂಡಲೇ ರೋಗಿಗೆ ಜ್ವರ ಏರಿತು, ಆಪರೇಷನ್ ಮುಂದಕ್ಕೆ ಹೋಯಿತು, ಥಿಯೇಟರ್ ಸಿಸ್ಟರ್ ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ತಾನೇ ಟ್ಯೂಬು ತಂದುಕೊಟ್ಟಳು, ಬೆಚ್ಚಗಿತ್ತು.

ಆ ಕೊನೆಯ ಪದ ಓದಿ ಕೂತುಬಿಟ್ಟೆ ಎಂದಳು ಚಿಕ್ಕಮ್ಮ. ಮರುದಿನ ಮಧ್ಯಾಹ್ನ ನಾನು ಮಗಳ ಲಸಿಕೆಗೆಂದು ಆಸ್ಪತ್ರೆಗೆ ಹೋದಾಗ, ನೆಲಮಾಳಿಗೆಯ ಬೆಂಚಿನಲ್ಲಿ ಊಟದ ಡಬ್ಬಿ ತೆರೆಯದೆ ಕೂತಿದ್ದಳು.

“ಈಗ ತಾನೇ ತೆಗೆದ ರಕ್ತ ಕೈಗೆ ಬೆಚ್ಚಗೆ ತಾಗುತ್ತೆ ಪುಟ್ಟಿ. ಅಡಿಯಿಂದ ಮುಡಿವರೆಗೆ ಒಂದೇ ಕೆಂಪು. ಹೊತ್ತು ಹೋದ್ರೆ ತಣ್ಣಗಾಗುತ್ತೆ, ಕೆಂಪು ಇಳಿದು ಮೇಲೆ ಹಳದಿ ನಿಲ್ಲುತ್ತೆ. ಮೂವತ್ತು ರೋಗಿಗಳ ಟ್ಯೂಬು ನನ್ನ ಕೈಗೆ ಬಂದಾಗ ತಣ್ಣಗಿತ್ತು, ಎರಡು ಪದರ ಆಗಿತ್ತು. ಹಾಳೇಲಿ ಮಾತ್ರ ಹತ್ತು ನಿಮಿಷದ ಹಿಂದೆ ತೆಗೆದಿದ್ದು ಅಂತ ಇತ್ತು.”

“ನೀನು ನೋಡಲಿಲ್ವಾ?”

“ನೋಡಿದೆ. ನೋಡಿಯೇ ಮೋಸ ಹೋದೆ. ಕಾಯಿಲೆಯವರ ರಕ್ತ ಬೇಗ ಇಳಿಯುತ್ತೆ ಅನ್ನೋದು ನಮಗೆ ಮೊದಲನೇ ಪಾಠ. ಇಪ್ಪತ್ತೊಂಬತ್ತು ವರ್ಷ ನೋಡಿದೀನಿ. ಇಳಿದಿರೋ ಟ್ಯೂಬು ಬಂದಾಗಲೆಲ್ಲ ಪಾಪ, ಎಷ್ಟು ಕಾಯಿಲೆನೋ ಅಂದ್ಕೊಂಡು ಸಹಿ ಹಾಕಿದೆ. ಎಷ್ಟು ಹೊತ್ತಾಯ್ತೋ ಅಂತ ಅಂದ್ಕೊಳ್ಳಲೇ ಇಲ್ಲ. ಬೇರೆ ಯಾರಾದ್ರೂ ದಡ್ಡರಾಗಿದ್ರೆ ಕೇಳ್ತಿದ್ರು. ನಾನು ಬುದ್ಧಿವಂತೆ.”

ಅವಳು ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿ ಎದ್ದಳು. ನಾನೂ ಮಗಳನ್ನು ಎತ್ತಿಕೊಂಡು ಹಿಂದೆಯೇ ಹೋದೆ. ಲಿಫ್ಟು ರೋಗಿಗಳಿಗೆ ಎಂದು ಅವಳು ಎಂದೂ ಹತ್ತುವುದಿಲ್ಲ; ನಾಲ್ಕನೇ ಮಹಡಿವರೆಗೂ ಮೆಟ್ಟಿಲು. ಥಿಯೇಟರಿನ ಹೊರ ಬಾಗಿಲಲ್ಲಿ ಸಿಸ್ಟರು ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದಳು.

“ಏನಕ್ಕಾ, ಬುಗುರಿ ಮೇಲಕ್ಕೆ ಉರುಳಿ ಬಂತು?”

“ಬೆಳಗ್ಗೆ ತೆಗೆದ ರಕ್ತ ಎಲ್ಲಿಟ್ಟಿರ್ತೀರೇ?”

“ಅಲ್ಲೇ, ಟ್ರೇನಲ್ಲಿ. ಕತ್ತರಿ ಬೇಯಿಸೋ ಮೆಷಿನ್ ಪಕ್ಕ. ತಲೆ ತೆರೆದಾಗ ಯಾರು ಹೊರಗೆ ಹೋಗ್ತಾರೆ ಅಕ್ಕಾ? ಹೊಲಿಗೆ ಹಾಕಿದ ಮೇಲೆ ಅಟೆಂಡರ್ ಬರ್ತಾನೆ, ಗಡ್ಡೆ ತುಂಡಿನ ಜೊತೆ ಐಸ್ ಡಬ್ಬೀಲಿ ಅದನ್ನೂ ಒಯ್ತಾನೆ.”

“ಎಷ್ಟು ಹೊತ್ತು?”

“ನಾಲ್ಕು ಗಂಟೆ. ಗಡ್ಡೆ ಮೊಂಡು ಹಿಡಿದ್ರೆ ಆರು.”

“ಮತ್ತೆ ಹಾಳೇಲಿ?”

“ಕೊಡುವಾಗ ಗಡಿಯಾರ ನೋಡಿ ಬರೀತೀವಿ. ಇಲ್ಲಿಂದ ಹೋಗೋ ಎಲ್ಲದಕ್ಕೂ ಹಾಗೇ. ಯಾಕೆ, ಏನಾಯ್ತು?”

ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಏನಾಗಿಲ್ಲ. ನಿನ್ನ ತಪ್ಪಲ್ಲ. ಬಿಸ್ಕತ್ತು ತಿನ್ನು.”

ಇಳಿಯುವಾಗ ಅವಳು ನನಗೆ ಬಿಡಿಸಿ ಹೇಳಿದಳು. ಆ ಗುರುತು ಗಡ್ಡೆಯಿಂದ ಸೋರುವುದೇನೋ ಹೌದಿರಬಹುದು. ಆದರೆ ರಕ್ತದ ಕಣಗಳ ಒಳಗೂ ಅದು ಇರುತ್ತದೆ. ತಿರುಗಿಸದೆ, ಅದೂ ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ, ಕಣಗಳು ಒಡೆದು ಗುರುತು ಹಳದಿ ನೀರಿಗೆ ಬೆರೆಯುತ್ತದೆ. ಆರೋಗ್ಯವಂತರ ಟ್ಯೂಬು ಕಂಡಿಯಿಂದ ದಾಟಿ ಐದು ನಿಮಿಷದಲ್ಲಿ ಬುಗುರಿಗೆ. ರೋಗಿಗಳದ್ದು ಐದು ಗಂಟೆ ಕಾದು ಬುಗುರಿಗೆ. ಹಾಗಾದರೆ ನಡುವೆ ಗೆರೆ ಎಳೆದದ್ದು ಗಡ್ಡೆಯೋ, ಗಡಿಯಾರವೋ?

ನನಗೆ ಅವಳ ಮೇಲೆ ಕೋಪ ಬಂತು. ಇದನ್ನು ಮುಚ್ಚಿಟ್ಟು ಅವಳನ್ನು ಹೊಗಳುತ್ತ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. “ನಿನಗ್ಯಾಕೆ ಬೇಕಿತ್ತು ಚಿಕ್ಕಮ್ಮ,” ಎಂದೆ ಮೆಟ್ಟಿಲ ಮೇಲೇ. “ಕೊನೆಗೂ ಒಂದು ಪರೀಕ್ಷೆ ಬಂತು ಅಂತ ಇದ್ದೆ. ಅಮ್ಮನಿಗೆ ಇಂಥದ್ದೊಂದು ಇದ್ದಿದ್ರೆ.”

ಅವಳು ಎರಡು ಮೆಟ್ಟಿಲು ಕೆಳಗಿದ್ದಳು. ತಿರುಗಿದಳು.

“ನಿನಗೆ ಅಮ್ಮ ಆದ್ರೆ ನನಗೆ ಅಕ್ಕ ಅವಳು. ಇಂಥದ್ದೇ ಇದ್ದಿದ್ರೆ ಏನಾಗ್ತಿತ್ತು ಹೇಳ್ಲಾ? ನನ್ನಂಥವಳು ಬೇಗ ತಿರುಗಿಸಿದ್ರೆ ಏನೂ ಇಲ್ಲ ಹೋಗಮ್ಮ ಅಂತ ಅವಳನ್ನ ಕಳಿಸ್ತಿದ್ರು. ನಿನ್ನಂಥ ಗಟ್ಟಿ ಹೆಂಗಸಿನ ರಕ್ತ ಯಾವನದೋ ಮೇಜಿನ ಮೇಲೆ ಮರೆತುಹೋದ್ರೆ, ನಿನ್ನ ತಲೆ ಬೋಳಿಸಿ ಒಳಗೆ ಕರ್ಕೊಂಡು ಹೋಗ್ತಿದ್ರು. ಬೆಳ್ಳಗಿರೋದೆಲ್ಲ ಹಾಲಲ್ಲ ಪುಟ್ಟಿ. ನಿನಗೆ ಹಾಲು ಬೇಕು ಅಂತ ಸುಣ್ಣದ ನೀರು ಕುಡಿಸೋಕಾಗುತ್ತಾ?”

ನನ್ನ ಮಗಳು ಗಂಭೀರವಾಗಿ, “ಆಗಲ್ಲ,” ಎಂದಳು. ನನಗೆ ನಗುವೂ ಬರಲಿಲ್ಲ.

ಡಾಕ್ಟರಿಗೆ ಅವಳು ಅಂದೇ ಹೇಳಿದಳು. ಅವರು ಕೇಳಿಸಿಕೊಂಡದ್ದು ಕಾರಿಡಾರಿನಲ್ಲಿ, ನಡೆಯುತ್ತ. “ಕೆಲವು ಗಂಟೆಗೆ ಏನೂ ಆಗಲ್ಲ ಮೇಡಂ. ತಿರುಗಿಸೋದು ನೀವು ನೋಡ್ಕೊಳ್ಳಿ, ವಿಜ್ಞಾನ ನಾವು ನೋಡ್ಕೋತೀವಿ.”

“ಆಯ್ತು ಸಾರ್. ತಿರುಗಿಸೇ ತೋರಿಸ್ತೀನಿ,” ಎಂದಳಂತೆ.

ಅಳತೆ ಮಾಡುವ ಕಡೆಯವರು ಸರಿಯಾಗಿ ಅಳೆಯುತ್ತಿದ್ದಾರೋ ಎಂದು ತಪಾಸಣೆ ಮಾಡಲು ಹತ್ತು ಖಾಲಿ ನಂಬರುಗಳು ಮೊದಲಿಂದಲೂ ಅವಳ ವಶದಲ್ಲಿದ್ದವು. ಬಳಸುವ ಹಕ್ಕು ಅವಳದ್ದು. ಬಳಸುತ್ತೇನೆ ಎಂದು ಡಾಕ್ಟರಿಗೆ ಚೀಟಿ ಬರೆದಿಟ್ಟು, ಐದು ಜನರನ್ನು ಕರೆದಳು: ತಾನು, ಕಾರಿಡಾರು ಒರೆಸುವಾಕೆ, ಕ್ಯಾಂಟೀನಿನ ಟೀ ಮಾಡುವವ, ನನ್ನ ಗಂಡ, ಮತ್ತು ನಾನು. ಒಬ್ಬೊಬ್ಬರಿಂದ ಎರಡೆರಡು ಟ್ಯೂಬು. ಒಂದು ಕೂಡಲೇ ಬುಗುರಿಗೆ. ಇನ್ನೊಂದು ನಾಲ್ಕನೇ ಮಹಡಿಗೆ, ಕತ್ತರಿ ಬೇಯಿಸುವ ಮೆಷಿನ್ನಿನ ಪಕ್ಕಕ್ಕೆ, ಐದು ಗಂಟೆ ಕಾಯಲು.

ನೀಲಿ ಕುರ್ಚಿಯಲ್ಲಿ ನಾನು ಕೂತಾಗ ಟೀ ಮಾಡುವವ ಆಗಲೇ ಕೊಟ್ಟು ಮುಗಿಸಿ ಹತ್ತಿ ಒತ್ತಿಕೊಂಡು ನಿಂತಿದ್ದ. “ಹೆದರ್ಬೇಡಿ ಮೇಡಂ,” ಎಂದ, “ನನ್ನ ರಕ್ತದಲ್ಲಿ ಟೀ ಬಂದ್ರೆ ಮಾತ್ರ ಗಾಬರಿ ಆಗ್ಬೇಕು.” ನನ್ನ ಗಂಡ ಸೂಜಿ ನೋಡಿ ಮುಖ ತಿರುಗಿಸಿದ. ಮೂರು ಥರ್ಮಾಮೀಟರಿನ ಮನೆಯಲ್ಲಿ ಧೈರ್ಯವಂತ ಯಾರು ಎಂದು ಆವತ್ತು ಗೊತ್ತಾಯಿತು.

ಎಂಟು ದಿನದ ಮೇಲೆ ಫಲಿತಾಂಶ ಬಂತು. ಕೂಡಲೇ ತಿರುಗಿಸಿದ ಐದೂ ಕೆಳಗೆ, ಆರೋಗ್ಯವಂತರ ಸಾಲಿನಲ್ಲಿ. ಕಾದ ಐದರಲ್ಲಿ ನಾಲ್ಕು ಮೇಲೆ, ಗಡ್ಡೆಯವರ ಸಾಲಿನಲ್ಲಿ. ಎಲ್ಲಕ್ಕಿಂತ ಮೇಲಿದ್ದದ್ದು ನನ್ನದು.

ಅದು ಹೀಗೇ ಆಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆ ಕಾಗದ ನೋಡಿದಾಗ ನಂಬರು ನನ್ನದೇ ಹೌದೋ ಎಂದು ಎರಡೆರಡು ಸಲ ತಾಳೆ ನೋಡಿದೆ.

“ಚಿಕ್ಕಮ್ಮ, ಒಂದು ವೇಳೆ ಕಾದಿದ್ದೇ ನಿಜ ಹೇಳ್ತಿದ್ರೆ?”

“ಒಂದೇ ತೋಳು, ಒಂದೇ ಸೂಜಿ, ಒಂದೇ ನಿಮಿಷ. ಎರಡನೇ ಟ್ಯೂಬಿಗೆ ಮಾತ್ರ ಗಡ್ಡೆ ಬಂತಾ?”

“ಆದ್ರೂ.”

“ಆದ್ರೂ ಅನ್ನೋದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ ಪುಟ್ಟಿ.”

ನಾನು ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆ. ಏನೂ ಇರಲಿಲ್ಲ. ಯಾರು ನಗುತ್ತಾರೋ ನಗಲಿ. ಆದರೆ ಆ ಸ್ಕ್ಯಾನ್ ಮೆಷಿನ್ನಿನ ಸುರಂಗದೊಳಗೆ ಮಲಗಿದ್ದ ಇಪ್ಪತ್ತು ನಿಮಿಷದಲ್ಲಿ ನನಗೆ ಒಂದು ಅರ್ಥವಾಯಿತು. ಕಾರಣ ಗೊತ್ತಿದ್ದ ನನಗೇ ಹೀಗಾದರೆ, ಏನೂ ಗೊತ್ತಿಲ್ಲದ ಯಾವಳೋ ಒಬ್ಬಳ ಕೈಗೆ ಇಂಥ ಕಾಗದ ಸಿಕ್ಕರೆ ಅವಳು ಮನೆಗೆ ಹೇಗೆ ನಡೆದು ಹೋಗುತ್ತಾಳೆ? ಚಿಕ್ಕಮ್ಮನ ಮೇಲಿನ ನನ್ನ ಕೋಪ ಆ ಸುರಂಗದಲ್ಲೇ ಉಳಿಯಿತು.

ಮೂರು ವಾರದಲ್ಲಿ ದೊಡ್ಡ ಡಾಕ್ಟರು ದೇಶವಿದೇಶದ ವೈದ್ಯರ ಮುಂದೆ ಮಾತಾಡುವವರಿದ್ದರು. ಅದಕ್ಕೆ ಒಂದು ಹೇಳಿಕೆ ಬೇಕಿತ್ತು: ಎಲ್ಲ ಮಾದರಿಗಳನ್ನೂ ಒಂದು ಗಂಟೆಯೊಳಗೆ ತಿರುಗಿಸಲಾಗಿದೆ ಎಂದು ಬರೆದು, ಕೆಳಗೆ ಲ್ಯಾಬಿನ ಹೊಣೆ ಹೊತ್ತವರ ಸಹಿ. ಕರೆದರು. ಚಿಕ್ಕಮ್ಮ ನನಗೂ ಬಾ ಎಂದಳು. “ನಾನೇನು ಮಾಡ್ಲಿ ಅಲ್ಲಿ?” ಎಂದೆ. “ಏನೂ ಮಾಡ್ಬೇಡ. ರಕ್ತಕ್ಕೆ ಮುಖ ಇದೆ ಅಂತ ಅವರಿಗೆ ಗೊತ್ತಾಗ್ಲಿ.”

ಅವರ ಕೋಣೆಯಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೆದುಳೊಂದು ಬಿಡಿಬಿಡಿಯಾಗಿ ಬಿದ್ದಿತ್ತು. ಯಾವುದೋ ರೋಗಿಯ ಮನೆಯವರಿಗೆ ವಿವರಿಸಿ ಜೋಡಿಸಲು ಮರೆತದ್ದು. ಅವರು ಕೆಟ್ಟವರಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ಬೆಳಗ್ಗೆಯೇ ಒಂದು ತಲೆ ತೆರೆದು ಮುಚ್ಚಿ ಬಂದಿದ್ದರು. ಹೇಳಿಕೆಯ ಕಾಗದವನ್ನೂ ಪೆನ್ನನ್ನೂ ಚಿಕ್ಕಮ್ಮನ ಕಡೆಗೆ ಸರಿಸಿದರು.

“ಇದಕ್ಕೆ ಸಹಿ ಹಾಕಲ್ಲ ಸಾರ್.”

“ಆ ಐದು ಜನರ ವಿಷಯ ನೋಡಿದೆ. ಐದು ಜನರ ರಕ್ತ ಯಾವ ಸಾಕ್ಷಿ ಮೇಡಂ?”

“ಹಾಗಾದ್ರೆ ಐವತ್ತು ಜನರದ್ದು ತೆಗೀರಿ. ಅಲ್ಲಿವರೆಗೆ ಹಾಕಲ್ಲ.”

“ನಿಮಗೆ ಗೊತ್ತಾ, ನನ್ನ ಹತ್ತಿರ ಜನ ಯಾವಾಗ ಬರ್ತಾರೆ ಅಂತ? ಕೈ ಬಿದ್ದುಹೋದ ಮೇಲೆ. ಮಾತು ನಿಂತ ಮೇಲೆ. ಒಂದು ವರ್ಷ ಮೊದಲೇ ಗೊತ್ತಾದ್ರೆ ಎಷ್ಟು ಜನ ಉಳೀತಾರೆ?”

“ನನಗೆ ಗೊತ್ತಿಲ್ದೆ ಇದೆಯಾ ಸಾರ್. ನಮ್ಮಕ್ಕ ಅದರಲ್ಲೇ ಹೋದಳು. ಇವಳ ತಾಯಿ.”

ಅವರು ನನ್ನ ಕಡೆ ನೋಡಿದರು. ನಾನು ಮಾತಾಡಬಾರದೆಂದು ಬಂದವಳು. ಬಾಯಿ ತಾನಾಗಿ ತೆರೆಯಿತು. “ಆ ಹತ್ತರಲ್ಲಿ ಎರಡು ನನ್ನದು ಡಾಕ್ಟ್ರೇ. ಒಂದು ನನಗೆ ಏನೂ ಇಲ್ಲ ಅನ್ನುತ್ತೆ, ಇನ್ನೊಂದು ಗಡ್ಡೆ ಇದೆ ಅನ್ನುತ್ತೆ. ನಿಮ್ಮ ಮುಂದೆ ಕೂತಿದೀನಿ. ನಾನು ಯಾವುದನ್ನ ತಗೊಂಡು ಮನೆಗೆ ಹೋಗ್ಲಿ?”

ಅವರು ಪ್ಲಾಸ್ಟಿಕ್ಕಿನ ಒಂದು ತುಂಡನ್ನು ಎತ್ತಿ ಇನ್ನೊಂದಕ್ಕೆ ಒತ್ತಿದರು. ಕೂಡಲಿಲ್ಲ. “ಬೇರೆಯವರ ಹತ್ತಿರ ಸಹಿ ಹಾಕಿಸ್ಬೇಕಾಗುತ್ತೆ,” ಎಂದರು, ಅದೂ ಚಿಕ್ಕಮ್ಮನ ಮುಖ ನೋಡದೆ.

“ಹಾಕಿಸಿ. ಅದಕ್ಕೂ ಮೊದಲು ಇದನ್ನ ಓದಿ.” ಅವಳು ಚೀಲದಿಂದ ಎರಡು ಹಾಳೆ ತೆಗೆದಳು. ಸಂಶೋಧನೆಗಳ ಮೇಲೆ ಕಣ್ಣಿಡುವ ಸಮಿತಿಗೆ ಬರೆದ ಪತ್ರ. “ಮೂವತ್ತು ಹಾಳೆಗೆ ನಾನು ತಪ್ಪು ಸಹಿ ಹಾಕಿದೀನಿ, ನಂಬರು ಇಂಥಿಂಥವು, ಕಾರಣ ಹೀಗೆ ಅಂತ ಬರೆದಿದೀನಿ. ಮಧ್ಯಾಹ್ನ ಕೊಡ್ತೀನಿ. ನಿಮಗೆ ಮೊದಲು ತೋರಿಸೋದು ಮರ್ಯಾದೆ ಅಂತ ತಂದೆ.”

“ಇದರಲ್ಲಿ ಮೊದಲು ಸಿಕ್ಕಿಬೀಳೋದು ನೀವೇ ಮೇಡಂ. ನಿವೃತ್ತಿಗೆ ಎರಡು ವರ್ಷ ಇದೆ.”

“ಹೂಂ. ನನ್ನ ಹೆಸರೇ ಮೊದಲ ಸಾಲಲ್ಲಿದೆ, ನೋಡಿ.”

ಅವರು ನೋಡಿದರು. ಎರಡು ಹಾಳೆಯನ್ನೂ ಪೂರ್ತಿ ಓದಿ, ಮಡಿಸಿ ವಾಪಸು ಕೊಟ್ಟರು. ಹೋಗಿ ಎಂದು ಬಾಯಲ್ಲಿ ಹೇಳಲಿಲ್ಲ, ಬಾಗಿಲ ಕಡೆ ನೋಡಿದರು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಚೀಲದ ಜಿಪ್ಪು ಎಳೆಯಲು ಮೂರು ಸಲ ಪ್ರಯತ್ನಿಸಿದಳು. “ಹೆದರಿಕೆ ಆಯ್ತಾ?” ಎಂದೆ. “ಆಗದೆ? ನಾನೇನು ಕಲ್ಲಾ?” ಎಂದು ರೇಗಿದಳು. ಆಮೇಲೆ ಸೀದಾ ಸಮಿತಿಯ ಕಚೇರಿಗೆ ಹೋಗಿ ಪತ್ರ ಕೊಟ್ಟು, ಮುಟ್ಟಿದ್ದಕ್ಕೆ ಮುದ್ರೆ ಒತ್ತಿಸಿಕೊಂಡಳು. ಮುದ್ರೆ ಮಸುಕಾಗಿ ಬಿತ್ತೆಂದು ಇನ್ನೊಮ್ಮೆ ಒತ್ತಿಸಿದಳು.

ಸಮಿತಿ ಕೆಲಸ ನಿಲ್ಲಿಸಿತು. ಡಾಕ್ಟರ ಭಾಷಣ ರದ್ದಾಯಿತು. ಮುಂದಿನ ಸೋಮವಾರ ಚಿಕ್ಕಮ್ಮನನ್ನು ನೆಲಮಾಳಿಗೆಯಿಂದ ಹೊರರೋಗಿಗಳ ಕೌಂಟರಿಗೆ ಹಾಕಿದರು. ಅಲ್ಲಿ ದಿನವಿಡೀ ಟೋಕನ್ ಕೂಗಿ ರಕ್ತ ತೆಗೆಯುವುದು, ತಿರುಗಿಸುವುದು ಬೇರೆಯವರ ಕೆಲಸ. ಐವತ್ತಾರನೇ ವಯಸ್ಸಿನಲ್ಲಿ ಎಂಟು ಗಂಟೆ ನಿಂತೇ ಇರಬೇಕು. ಮೊದಲ ವಾರ ಸಂಜೆ ನಮ್ಮ ಮನೆಗೆ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಳು. ನನ್ನ ಗಂಡ, “ಒಂದು ಸಹಿ ಹಾಕಿದ್ರೆ ಈ ಕಾಲುನೋವು ಇರ್ತಿರಲಿಲ್ಲ,” ಎಂದ, ತಮಾಷೆಗೆ. “ಕಾಲು ನೋಯ್ತಿದೆ ಅಳಿಯಂದ್ರೇ, ಕೈ ನೋಯ್ತಿಲ್ಲ,” ಎಂದಳು. ಅವನು ಎದ್ದು ಹೋಗಿ ಇನ್ನೊಂದು ಚೊಂಬು ಬಿಸಿನೀರು ತಂದು ಸುರಿದ.

ಅವಳ ಹಳೆಯ ಜೊತೆಯವರು ಕೆಲವರು ಮಾತು ಬಿ‌ಟ್ಟರು. ಆಸ್ಪತ್ರೆಯ ಹೆಸರು ಮೇಲೆ ಬರುವುದಿತ್ತು, ಇವಳು ಕಾಲು ಹಿಡಿದು ಎಳೆದಳು ಎಂದರು. ಅವರಿಗೆಲ್ಲ ನಾನು ಈ ಬರಹದಲ್ಲೇ ಹೇಳುತ್ತಿದ್ದೇನೆ: ಮೇಲೆ ಬರುವುದಿದ್ದದ್ದು ಹೆಸರಲ್ಲ, ಸುಳ್ಳು. ಅದರ ಕಾಲು ಹಿಡಿದು ಎಳೆಯಲು ಒಬ್ಬಳಾದರೂ ಇದ್ದಳಲ್ಲ.

ಕೆಲಸ ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ಥಿಯೇಟರಿನ ಪಕ್ಕದ ಕೋಣೆಯಲ್ಲೇ ಒಂದು ಚಿಕ್ಕ ಬುಗುರಿ ಇಟ್ಟರು. ರೋಗಿಯೋ ಆರೋಗ್ಯವಂತನೋ, ಎಲ್ಲರ ರಕ್ತಕ್ಕೂ ಇಪ್ಪತ್ತು ನಿಮಿಷದ ಗಡುವು. ಚಿಕ್ಕಮ್ಮನನ್ನು ಯಾರೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ. ಥಿಯೇಟರ್ ಸಿಸ್ಟರ್ ಆಗಾಗ ಕೌಂಟರಿನ ಮುಂದೆ ಹಾಯುವಾಗ, “ಹದಿನೆಂಟು ನಿಮಿಷ ಅಕ್ಕಾ,” ಎಂದು ಹೇಳಿ ಹೋಗುತ್ತಿದ್ದಳು. ಹೀಗೆ ಹದಿನಾಲ್ಕು ತಿಂಗಳು.

ಹೋದ ತಿಂಗಳು ಆಸ್ಪತ್ರೆಯ ಸಭಾಂಗಣದಲ್ಲಿ ಅದರ ಫಲಿತಾಂಶ ಹೇಳಿದರು. ಯಾರು ಬೇಕಾದರೂ ಬರಬಹುದು ಎಂದಿತ್ತು. ಚಿಕ್ಕಮ್ಮ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂತೆವು.

ಗೆರೆ ಎಳೆದಂಥ ಚಿತ್ರ ಈಗ ಇರಲಿಲ್ಲ. ಚುಕ್ಕೆಗಳು ಒಂದರೊಳಗೊಂದು ಕಲೆತಿದ್ದವು. ಮೂರು ಗಡ್ಡೆಯಲ್ಲಿ ಎರಡನ್ನು ಈ ಗುರುತು ಹಿಡಿಯುತ್ತದೆ, ಹತ್ತು ಆರೋಗ್ಯವಂತರಲ್ಲಿ ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ ಎಂದರು ಡಾಕ್ಟರು. ಗಡ್ಡೆ ಹುಡುಕಲು ಇದು ಸಾಲದು. ಆಪರೇಷನ್ ಆದವರಲ್ಲಿ ಅದು ಮತ್ತೆ ಬೆಳೆಯುತ್ತಿದೆಯೇ ನೋಡಲು ಮುಂದೆ ನೆರವಾಗಬಹುದು, ಅದನ್ನೂ ಪರೀಕ್ಷಿಸಬೇಕು. ನೇರವಾಗಿ ಹೇಳಿದರು, ಬಣ್ಣ ಹಚ್ಚಲಿಲ್ಲ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಕಾಯುತ್ತೇನೆ. ಹೆದರುತ್ತಲೇ ಕಾಯುತ್ತೇನೆ, ಆದರೆ ನಿಜಕ್ಕೆ ಕಾಯುತ್ತೇನೆ.

ಕೊನೆಗೆ ಅವರು, “ಮೊದಲ ಹಂತದಲ್ಲಿ ಮಾದರಿಗಳನ್ನು ಇಟ್ಟುಕೊಳ್ಳುವುದರಲ್ಲಿ ವ್ಯತ್ಯಾಸವಾಗಿತ್ತು. ಸಿಬ್ಬಂದಿಯೊಬ್ಬರು ಅದನ್ನು ಗಮನಕ್ಕೆ ತಂದರು,” ಎಂದರು.

ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ಸೆರಗು ಹಿಡಿದು ಎಳೆದೆ. ಕೊಸರಿಕೊಂಡು ಎದ್ದಳು.

“ಆ ಸಿಬ್ಬಂದಿಯೊಬ್ಬರು ನಾನು ಸಾರ್.”

ಇಡೀ ಸಭಾಂಗಣ ತಿರುಗಿತು.

“ಮೂವತ್ತು ಹಾಳೆಗೆ ಕೇಳದೆ ಸಹಿ ಹಾಕಿದವಳೂ ನಾನೇ. ಎರಡನ್ನೂ ಸೇರಿಸಿ ಹೇಳಿ. ಒಂದನ್ನ ಮಾತ್ರ ಹೇಳಿದ್ರೆ ನಾಳೆ ಬರೋ ಹುಡುಗಿಗೆ ತಾನು ತಪ್ಪೋದೇ ಇಲ್ಲ ಅನ್ನಿಸುತ್ತೆ.”

ಡಾಕ್ಟರು ತಲೆಯಾಡಿಸಿದರು. “ಸೇರಿಸ್ತೀನಿ ಮೇಡಂ,” ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇಷ್ಟಕ್ಕೆ ಕೂರುತ್ತಾಳೆ ಎಂದು ನಾನು ಸೆರಗು ಬಿಟ್ಟೆ.

“ಇನ್ನೊಂದು ಪ್ರಶ್ನೆ ಸಾರ್. ಹತ್ತು ಜನ ಗಟ್ಟಿ ಇರೋರಲ್ಲಿ ಒಬ್ಬರಿಗೆ ಗಡ್ಡೆ ಇದೆ ಅಂತ ಇದು ಹೇಳುತ್ತಲ್ಲ. ಆ ಒಬ್ಬರಿಗೆ ನೀವು ಏನು ಹೇಳ್ತೀರಿ?”

ಅವರು ಪರದೆಯನ್ನೂ ಕೈಯಲ್ಲಿದ್ದ ಕಾಗದವನ್ನೂ ನೋಡಿದರು. “ಅದು ಇನ್ನೂ ಗೊತ್ತಿಲ್ಲ,” ಎಂದರು.

“ಹಾಗಾದ್ರೆ ಗೊತ್ತಿಲ್ಲ ಅಂತ ಅಲ್ಲಿ ಬರೀರಿ. ಎಲ್ಲರಿಗೂ ಕಾಣೋ ಹಾಗೆ.”

ಅವರು ಮೇಜಿನ ಮೇಲಿನ ಕಂಪ್ಯೂಟರಿಗೆ ಬಗ್ಗಿದರು. ಪರದೆಯ ಕೆಳಗೆ ಒಂದೊಂದೇ ಅಕ್ಷರ ಮೂಡತೊಡಗಿತು. ಕೊನೆಯ ಅಕ್ಷರ ಬೀಳುವ ತನಕ ಅವಳು ಕೂರಲಿಲ್ಲ.